ಹೊರೆಗೆ ದಾರಿ ತೋರಿಸಿದ ಎಂಜಿನಿಯರ್: ಬಾರ್ನ್ಸ್ ವಾಲಿಸ್

1942ರ ಏಪ್ರಿಲ್ ತಿಂಗಳು. ಇಂಗ್ಲೆಂಡಿನ ಸರ್ರೆಯಲ್ಲಿ ಎಫಿಂಗ್‌ಹ್ಯಾಮ್ ಅನ್ನುವ ಹಳ್ಳಿ. ಒಂದು ಮನೆಯ ಹೊರಗೆ ತಗಡಿನ ಟಬ್ ಇಟ್ಟು ನೀರು ತುಂಬಿಸಿದ್ದಾರೆ. ಪಕ್ಕದಲ್ಲಿ ಒಂದು ಪುಟ್ಟ ಕವಣೆ. ಐವತ್ತು ದಾಟಿದ ಮನೆಯ ಯಜಮಾನರು ಮಗಳ ಗೋಲಿಗಳನ್ನು ಒಂದೊಂದಾಗಿ ಕವಣೆಗಿಟ್ಟು ನೀರಿನತ್ತ ಹೊಡೆಯುತ್ತಿದ್ದಾರೆ. ಗೋಲಿ ನೀರಿಗೆ ಬಡಿದು ಮುಳುಗುವ ಬದಲು ಪುಟಿದು ಮುಂದೆ ಹೋಗುತ್ತದೆ. ಅವರು ಕೋನವನ್ನು ಸ್ವಲ್ಪ ಬದಲಿಸುತ್ತಾರೆ. ಮತ್ತೆ ಹೊಡೆಯುತ್ತಾರೆ. ಬರೆದುಕೊಳ್ಳುತ್ತಾರೆ.

ಅವರ ಹೆಸರು ಬಾರ್ನ್ಸ್ ನೆವಿಲ್ ವಾಲಿಸ್. ಈ ಗೋಲಿಯಾಟ ನಡೆದು ಸುಮಾರು ಒಂದು ವರ್ಷಕ್ಕೆ ಜರ್ಮನಿಯ ಎರಡು ದೊಡ್ಡ ಅಣೆಕಟ್ಟುಗಳು ಒಡೆದುಹೋದವು. ಇವತ್ತಿಗೂ ವಾಲಿಸ್ ಅಂದರೆ ಜನರಿಗೆ ನೆನಪಾಗುವುದು ಆ ಪುಟಿಯುವ ಬಾಂಬೇ. ಆದರೆ ಅವರು ಅರವತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವರು. ಹಡಗಿನಿಂದ ಶುರು ಮಾಡಿ ವಾಯುನೌಕೆ, ವಿಮಾನ, ಬಾಂಬು, ಕೊನೆಗೆ ದೂರದರ್ಶಕದವರೆಗೂ ಕೈ ಹಾಕಿದರು. ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ. ನನಗೆ ಮಾತ್ರ ಇವೆಲ್ಲದರ ಒಳಗೆ ಒಂದೇ ಪ್ರಶ್ನೆ ಕಾಣುತ್ತದೆ. ಹೊರೆ ಬಿದ್ದಾಗ ಅದು ಯಾವ ದಾರಿಯಲ್ಲಿ ಹೋಗುತ್ತದೆ? ಆ ದಾರಿಯನ್ನು ನಾವೇ ಹಾಕಿಕೊಡಬಹುದಾ? ಈ ಪ್ರಶ್ನೆಯನ್ನು ಹಿಡಿದು ಹೋದರೆ ವಾಲಿಸ್ ಅವರ ಕೆಲಸ ಎಲ್ಲವೂ ಅರ್ಥವಾಗುತ್ತದೆ.

ಹುಟ್ಟಿದ್ದು 1887ರ ಸೆಪ್ಟೆಂಬರ್ 26ರಂದು, ಡರ್ಬಿಶೈರಿನ ರಿಪ್ಲಿಯಲ್ಲಿ. ಅಪ್ಪ ಡಾಕ್ಟರು. ಪೋಲಿಯೊದಿಂದ ಅಪ್ಪನ ಕಾಲು ಸೊರಗಿತ್ತು, ಮನೆಯಲ್ಲಿ ಹಣದ ಅಡಚಣೆ ಇತ್ತು. ಹುಡುಗ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯಲ್ಲಿ ಓದಿದ. ಹೆಸರಿನಲ್ಲಿ ಹಾಸ್ಪಿಟಲ್ ಇದ್ದರೂ ಅದು ಶಾಲೆಯೇ, ಕೈಲಾಗದ ಮನೆಗಳ ಮಕ್ಕಳಿಗೆ ಆಸರೆಯಾಗಿದ್ದ ಹಳೆಯ ಶಾಲೆ. 17ನೇ ವಯಸ್ಸಿಗೆ ಓದು ಬಿಟ್ಟು ಲಂಡನ್ನಿನ ಒಂದು ಎಂಜಿನ್ ಕಾರ್ಖಾನೆ ಸೇರಿದರು. ಆಮೇಲೆ ವೈಟ್ ದ್ವೀಪದ ಕೌಸ್ ಊರಿನ ಹಡಗು ಕಟ್ಟೆಯಲ್ಲಿ ಕೆಲಸ. ಎಂಜಿನಿಯರಿಂಗ್ ಪದವಿ ಸಿಕ್ಕಿದ್ದು 1922ರಲ್ಲಿ, ಅದೂ ಲಂಡನ್ ವಿಶ್ವವಿದ್ಯಾಲಯಕ್ಕೆ ಹೊರಗಿನಿಂದ ಪರೀಕ್ಷೆ ಕಟ್ಟಿ. ಅಷ್ಟರಲ್ಲಿ ಅವರು ಹತ್ತಾರು ವರ್ಷ ಕೈಕೆಲಸ ಮಾಡಿ ಪಳಗಿದ್ದರು. ಮುಂದೆ ಅವರು ಮಾಡಿದ ಎಲ್ಲದರಲ್ಲೂ ಈ ಕೈಯ ಗುರುತು ಇದೆ.

ಗಾಳಿಯಲ್ಲಿ ತೇಲುವ ಹಡಗು

1913ರಲ್ಲಿ ವಾಲಿಸ್ ವಿಕರ್ಸ್ ಕಂಪನಿ ಸೇರಿ ವಾಯುನೌಕೆಯ ಕೆಲಸಕ್ಕೆ ಇಳಿದರು. ವಾಯುನೌಕೆ ಅಂದರೆ ಸುಮ್ನೆ ದೊಡ್ಡ ಬಲೂನು ಅಂದುಕೊಳ್ಳಬೇಡಿ. ಹೊರಗೆ ಬಟ್ಟೆಯ ಹೊದಿಕೆ, ಒಳಗೆ ಹಗುರ ಲೋಹದ ಅಸ್ಥಿಪಂಜರ, ಅದರೊಳಗೆ ಸಾಲಾಗಿ ಹೈಡ್ರೋಜನ್ ತುಂಬಿದ ಚೀಲಗಳು. ಚೀಲಗಳು ಮೇಲಕ್ಕೆ ಎಳೆಯುತ್ತವೆ, ಎಂಜಿನ್ನು ಮತ್ತು ಜನರ ಭಾರ ಕೆಳಕ್ಕೆ ಜಗ್ಗುತ್ತದೆ. ಈ ಎರಡರ ನಡುವೆ ಪಂಜರ ಮುರಿಯಬಾರದು. ಹಾಗಂತ ಗಟ್ಟಿ ಮಾಡಲು ಹೋಗಿ ತೂಕ ಏರಿಸಿದರೆ ನೌಕೆ ಮೇಲೇಳುವುದೇ ಇಲ್ಲ. ಗ್ರಾಂ ಲೆಕ್ಕದಲ್ಲಿ ಯೋಚಿಸುವುದನ್ನು ವಾಲಿಸ್ ಕಲಿತದ್ದು ಇಲ್ಲೇ.

ಮೊದಲ ಮಹಾಯುದ್ಧದ ನಂತರ ಈ ಕೆಲಸ ನಿಂತಿತು. ವಾಲಿಸ್ ಸ್ವಿಟ್ಜರ್ಲೆಂಡಿನ ಒಂದು ಶಾಲೆಗೆ ಗಣಿತದ ಮೇಷ್ಟ್ರಾಗಿ ಹೋದರು. ಆಗಲೇ ಮಾಲಿ ಬ್ಲಾಕ್ಸಮ್ ಎಂಬ ಹುಡುಗಿಯ ಪರಿಚಯ ಆಗಿತ್ತು. ಇವರಿಗೆ 34, ಆಕೆಗೆ 17. ಹುಡುಗಿಯ ಅಪ್ಪನಿಗೆ ಇದು ಹಿಡಿಸಲಿಲ್ಲ. ಕಾಲೇಜಿನ ಗಣಿತ ಹೇಳಿಕೊಡುವುದಾದರೆ ಪತ್ರ ಬರೆಯಬಹುದು ಅಂತ ಮಾತ್ರ ಒಪ್ಪಿದರು. ವಾಲಿಸ್ ಪತ್ರದ ಮೇಲೆ ಪತ್ರ ಬರೆದು ಕಲನಶಾಸ್ತ್ರ ಕಲಿಸಿದರು. 1925ರಲ್ಲಿ ಮದುವೆಯಾಯಿತು. ಕಷ್ಟದ ವಿಷಯವನ್ನು ಎದುರಿನವರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳುವುದು ಅವರಿಗೆ ಎಷ್ಟು ಒಗ್ಗಿತ್ತು ಅನ್ನುವುದಕ್ಕೆ ನನಗೆ ಈ ಪತ್ರಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅಷ್ಟು ಹೊತ್ತಿಗೆ ಬ್ರಿಟಿಷ್ ಸರ್ಕಾರ ಎರಡು ಭಾರಿ ವಾಯುನೌಕೆ ಕಟ್ಟಿಸಲು ಹೊರಟಿತ್ತು. ಸಾಮ್ರಾಜ್ಯದ ದೂರದ ಊರುಗಳಿಗೆ ಆಕಾಶದಲ್ಲಿ ದಾರಿ ಮಾಡಬೇಕು ಅನ್ನುವುದು ಆಸೆ. ಆರ್101 ಸರ್ಕಾರದ್ದೇ ಕಾರ್ಖಾನೆಯಲ್ಲಿ ತಯಾರಾಯಿತು. ಆರ್100 ವಿಕರ್ಸ್ ಪಾಲಿಗೆ ಬಂತು, ವಿನ್ಯಾಸ ವಾಲಿಸ್ ಅವರದ್ದು. ಯಾರ್ಕ್‌ಶೈರಿನ ಹೌಡನ್ ಎಂಬಲ್ಲಿ 219 ಮೀಟರ್ ಉದ್ದದ ಆ ನೌಕೆ ಎದ್ದು ನಿಂತಿತು. ಅದಕ್ಕೆ ಡ್ಯುರಾಲುಮಿನ್ ಎಂಬ ಹಗುರ ಅಲ್ಯೂಮಿನಿಯಂ ಮಿಶ್ರಲೋಹದ ದಪ್ಪನೆಯ ಕೊಳವೆಗಳು ಬೇಕಿದ್ದವು, ಅಂಥವು ಎಲ್ಲೂ ಸಿಗುತ್ತಿರಲಿಲ್ಲ. ವಾಲಿಸ್ ಲೋಹದ ಪಟ್ಟಿಯನ್ನು ಕಡ್ಡಿಗೆ ಕಾಗದ ಸುತ್ತಿದ ಹಾಗೆ ಸುರುಳಿಯಾಗಿ ಸುತ್ತಿ, ಅಂಚಿಗೆ ಅಂಚು ಸೇರಿಸಿ ರಿವೆಟ್ ಹೊಡೆಸಿ ಕೊಳವೆ ಮಾಡಿಸಿದರು. ಒಳಗಿನ ಅನಿಲದ ಚೀಲಗಳನ್ನು ಹಿಡಿದಿಡಲು ತಂತಿಯ ಬಲೆ ಹೆಣೆದರು. ಚೀಲದ ಎಳೆತವೆಲ್ಲ ಆ ಬಲೆಯ ಎಳೆ ಹಿಡಿದು ಪಂಜರಕ್ಕೆ ತಲುಪುತ್ತಿತ್ತು. ಈ ಬಲೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವುದೆಲ್ಲ ಇದರ ಮಕ್ಕಳು, ಮೊಮ್ಮಕ್ಕಳು.

ಆರ್100 ಮೊದಲು ಹಾರಿದ್ದು 1929ರ ಡಿಸೆಂಬರ್ 16ರಂದು. ಮರುವರ್ಷ ಕೆನಡಾಕ್ಕೆ ಹೋಗಿ ಕ್ಷೇಮವಾಗಿ ವಾಪಸ್ ಬಂತು. ಆರ್101 ಹೊರಟಿದ್ದು ನಮ್ಮ ಕಡೆಗೆ, ಆಗಿನ್ನೂ ಅಖಂಡ ಭಾರತದ ಊರಾಗಿದ್ದ ಕರಾಚಿಗೆ. ಅಲ್ಲಿ ಅದಕ್ಕಾಗಿ ದೈತ್ಯಾಕಾರದ ಶೆಡ್ಡು ಕಟ್ಟಿಸಿ ಕಾದಿದ್ದರು. 1930ರ ಅಕ್ಟೋಬರ್ 5ರ ನಸುಕಿನಲ್ಲಿ ಅದು ಫ್ರಾನ್ಸಿನ ಬೋವೆ ಹತ್ತಿರ ನೆಲಕ್ಕೆ ಬಿದ್ದು ಹೊತ್ತಿ ಉರಿಯಿತು. 48 ಜನ ಸತ್ತರು. ಬ್ರಿಟನ್ ವಾಯುನೌಕೆಗಳ ಆಸೆಯನ್ನೇ ಬಿಟ್ಟಿತು. ಏನೂ ತಪ್ಪು ಮಾಡದ ಆರ್100 ನೌಕೆಯನ್ನೂ ಒಡೆದು, ಮೇಲೆ ರೋಡ್ ರೋಲರ್ ಹತ್ತಿಸಿ ಚಪ್ಪಟೆ ಮಾಡಿ ಗುಜರಿಗೆ ಹಾಕಿದರು.

ಬುಟ್ಟಿಯ ಹಾಗೆ ಹೆಣೆದ ವಿಮಾನ

ವಾಲಿಸ್ ಆಗಲೇ ವೇಬ್ರಿಜ್‌ನ ಬ್ರೂಕ್‌ಲ್ಯಾಂಡ್ಸ್‌ನಲ್ಲಿದ್ದ ವಿಕರ್ಸ್ ವಿಮಾನ ಕಾರ್ಖಾನೆಗೆ ಬಂದಿದ್ದರು. ಆ ಕಾಲದ ವಿಮಾನಗಳ ಒಡಲಲ್ಲಿ ಉದ್ದಕ್ಕೆ ನಾಲ್ಕು ಗಟ್ಟಿ ಕಂಬಿ, ನಡುವೆ ಅಡ್ಡಪಟ್ಟಿಗಳು, ಬಿಗಿಯಲು ತಂತಿ ಇರುತ್ತಿದ್ದವು. ಹೊರೆ ಹೊರುವುದು ಆ ಕಂಬಿಗಳು. ಹೊರಗಿನ ದುಂಡನೆಯ ಆಕಾರ ಬರೀ ಗಾಳಿ ಸೀಳುವುದಕ್ಕೆ. ಅಂದರೆ ಒಂದು ಪಂಜರ ಹೊರೆಗೆ, ಅದರ ಮೇಲೆ ಇನ್ನೊಂದು ಚೌಕಟ್ಟು ಆಕಾರಕ್ಕೆ. ಎರಡೆರಡು ತೂಕ ಯಾಕೆ? ಆಕಾರವೇ ಹೊರೆ ಹೊರಬಾರದೇಕೆ?

ಇದನ್ನು ತಿಳಿಯಲು ಒಂದು ತೆಂಗಿನಕಾಯಿ ತೆಗೆದುಕೊಳ್ಳಿ. ಎರಡು ಕಡೆ ಚುಕ್ಕೆ ಇಟ್ಟು ನಡುವೆ ದಾರ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಅತಿ ಹತ್ತಿರದ ದಾರಿ ಹಿಡಿದು ಕೂರುತ್ತದೆ. ಬಾಗಿದ ಮೈಮೇಲಿನ ಇಂಥ ಹತ್ತಿರದ ದಾರಿಗೆ ಗಣಿತದಲ್ಲಿ ಜಿಯೋಡೆಸಿಕ್ ಅನ್ನುತ್ತಾರೆ. ವಾಲಿಸ್ ವಿಮಾನದ ಒಡಲಿನ ಸುತ್ತ ಇಂಥ ದಾರಿಗಳಲ್ಲೇ ತೆಳ್ಳನೆಯ ಡ್ಯುರಾಲುಮಿನ್ ಪಟ್ಟಿಗಳನ್ನು ಸುತ್ತಿದರು. ಒಂದು ಸಾಲು ಎಡಕ್ಕೆ ವಾಲಿ ಸುತ್ತುತ್ತದೆ, ಇನ್ನೊಂದು ಬಲಕ್ಕೆ. ಎಲ್ಲಿ ಒಂದನ್ನೊಂದು ದಾಟುತ್ತವೋ ಅಲ್ಲಿ ಬಿಗಿ ಹಾಕಿದರು. ನೋಡಲು ಥೇಟ್ ಬಿದಿರಿನ ಬುಟ್ಟಿ.

ಬುಟ್ಟಿಯ ಗುಟ್ಟೂ ಇದರ ಗುಟ್ಟೂ ಒಂದೇ. ಒಂದು ಬಿದಿರಿನ ಸೀಳನ್ನು ಎರಡೇ ಬೆರಳಲ್ಲಿ ಬಗ್ಗಿಸಬಹುದು. ಹೆಣೆದ ಬುಟ್ಟಿಯ ಮೇಲೆ ಮಗು ಕೂತರೂ ಅದು ತಡೆಯುತ್ತದೆ. ವಿಮಾನದ ಒಡಲನ್ನು ಗಾಳಿ ತಿರುಚಲು ನೋಡಿದರೆ ಎಡಕ್ಕೆ ಸುತ್ತಿದ ಪಟ್ಟಿಗಳು ಎಳೆತಕ್ಕೆ ಸಿಗುತ್ತವೆ, ಬಲಕ್ಕೆ ಸುತ್ತಿದವು ಒತ್ತಡಕ್ಕೆ. ತೆಳ್ಳನೆಯ ಪಟ್ಟಿ ಒತ್ತಿದರೆ ಹೊರಕ್ಕೆ ಉಬ್ಬಿ ಬಾಗಬೇಕು. ಆದರೆ ಗಂಟು ಗಂಟಿನಲ್ಲೂ ಅದನ್ನು ದಾಟಿ ಹೋಗುವ ಇನ್ನೊಂದು ಪಟ್ಟಿ ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ಒಬ್ಬನ ಕಷ್ಟಕ್ಕೆ ಇನ್ನೊಬ್ಬ ಆದ ಹಾಗೆ. ನಡುವೆ ನಾಲ್ಕಾರು ಪಟ್ಟಿ ತುಂಡಾದರೂ ಹೊರೆ ಅಕ್ಕಪಕ್ಕದ ಪಟ್ಟಿಗಳಲ್ಲಿ ಸುತ್ತಿಕೊಂಡು ಹೋಗುತ್ತದೆ. ಬಲವೆಲ್ಲ ಹೊರಮೈಯಲ್ಲೇ ಇರುವುದರಿಂದ ಒಳಗೆ ಖಾಲಿ ಜಾಗ. ಅಲ್ಲಿ ಇಂಧನ, ಬಾಂಬು, ಏನು ಬೇಕಾದರೂ ತುಂಬಬಹುದು.

ಈ ಬಗೆಯ ಮೊದಲ ವಿಮಾನ ವೆಲ್ಸ್‌ಲಿ. 1938ರ ನವೆಂಬರ್‌ನಲ್ಲಿ ಮೂರು ವೆಲ್ಸ್‌ಲಿ ವಿಮಾನಗಳು ಈಜಿಪ್ಟಿನ ಇಸ್ಮಾಯಿಲಿಯಾದಿಂದ ಹೊರಟವು. ಒಂದು ದಾರಿಯಲ್ಲಿ ಇಂಧನಕ್ಕಾಗಿ ಇಳಿಯಿತು. ಉಳಿದೆರಡು ಎರಡು ದಿನ ಎಲ್ಲೂ ಇಳಿಯದೆ ಹಾರಿ ಆಸ್ಟ್ರೇಲಿಯಾದ ಡಾರ್ವಿನ್ ಮುಟ್ಟಿದವು. ಹತ್ತಿರ ಹತ್ತಿರ 11,500 ಕಿಲೋಮೀಟರ್! ಎಂಜಿನ್ನು ಒಂದೇ.

ಅದರ ತಮ್ಮ ವೆಲ್ಲಿಂಗ್ಟನ್ 1936ರಲ್ಲಿ ಮೊದಲು ಹಾರಿತು. ಎರಡು ಎಂಜಿನ್ನಿನ ಬಾಂಬರ್. ಯುದ್ಧ ಮುಗಿಯುವ ಹೊತ್ತಿಗೆ 11,400ಕ್ಕೂ ಹೆಚ್ಚು ವೆಲ್ಲಿಂಗ್ಟನ್‌ಗಳು ತಯಾರಾಗಿದ್ದವು. ಪಟ್ಟಿಗಳ ಮೇಲೆ ಮರದ ರೀಪು, ಅದರ ಮೇಲೆ ಐರಿಷ್ ಲಿನನ್ ಬಟ್ಟೆ, ಬಟ್ಟೆ ಬಿಗಿಯಾಗಲು ಬಣ್ಣದಂಥ ಲೇಪ. ಬಾಲದ ಹತ್ತಿರ ಬಟ್ಟೆಯೆಲ್ಲ ಸುಟ್ಟುಹೋಗಿ ಬರೀ ಬಲೆ ಕಾಣುತ್ತಿರುವ ವೆಲ್ಲಿಂಗ್ಟನ್ ಮನೆಗೆ ಮರಳಿದ ಫೋಟೊಗಳಿವೆ. ಲೋಹದ ತಗಡೇ ಹೊರೆ ಹೊರುವ ವಿಮಾನವಾಗಿದ್ದರೆ ಅಷ್ಟು ಕಳೆದುಕೊಂಡು ಹಾರುವುದು ಕಷ್ಟವಿತ್ತು. 1943ರಲ್ಲಿ ವೇಲ್ಸ್‌ನ ಬ್ರಾಟನ್ ಕಾರ್ಖಾನೆಯ ಕೆಲಸಗಾರರು ಒಂದು ವಾರಾಂತ್ಯ ಟೊಂಕ ಕಟ್ಟಿ ನಿಂತು, ಒಂದು ವೆಲ್ಲಿಂಗ್ಟನ್ನನ್ನು 24 ಗಂಟೆಯೊಳಗೆ ಜೋಡಿಸಿ, 25 ಗಂಟೆಯೊಳಗೆ ಹಾರಿಸಿದರು.

ಈ ಹೆಣಿಗೆ ಮುಂದೆ ಯಾಕೆ ಉಳಿಯಲಿಲ್ಲ ಅನ್ನುವುದನ್ನೂ ಹೇಳಬೇಕು. ವೇಗ ಹೆಚ್ಚಾದ ಹಾಗೆ ಬಟ್ಟೆಯ ಹೊದಿಕೆ ತಾಳುವುದಿಲ್ಲ. ಗಟ್ಟಿ ಲೋಹದ ತಗಡು ಬೇಕೇ ಬೇಕು. ಆ ತಗಡೇ ಹೊರೆ ಹೊರುವ ಹಾಗಾದಾಗ ಒಳಗಿನ ಬಲೆ ಯಾಕೆ ಬೇಕು? ಆಕಾರವೇ ಹೊರೆ ಹೊರಲಿ ಅನ್ನುವ ವಾಲಿಸ್ ಅವರ ಮಾತೇ ಬೇರೆ ರೂಪದಲ್ಲಿ ಗೆದ್ದಿತು ಅಂತ ನಾನು ಅಂದುಕೊಳ್ಳುತ್ತೇನೆ.

ನೀರಿನ ಕೈಯಲ್ಲೇ ಏಟು ಹೊಡೆಸುವುದು

ಯುದ್ಧ ಶುರುವಾದಾಗ ವಾಲಿಸ್ ತಲೆಗೆ ಹತ್ತಿದ್ದು ಇನ್ನೊಂದು ವಿಷಯ. ಬಾಂಬು ಗಾಳಿಯಲ್ಲಿ ಸಿಡಿದರೆ ಅದರ ಶಕ್ತಿಯ ಬಹುಪಾಲು ಎಲ್ಲೆಂದರಲ್ಲಿ ಚದುರಿಹೋಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ. ನೀರು ಹಾಗಲ್ಲ, ಮಣ್ಣೂ ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲ. ಏಟನ್ನು ನೀರಿನ ಮೂಲಕ, ನೆಲದ ಮೂಲಕ ಕಳಿಸಿದರೆ?

ಜರ್ಮನಿಯ ರೂರ್ ಪ್ರದೇಶದ ಕಾರ್ಖಾನೆಗಳಿಗೆ ನೀರು ಕೊಡುತ್ತಿದ್ದ ದೊಡ್ಡ ಅಣೆಕಟ್ಟು ಮೋನೆ. ಎತ್ತರ 40 ಮೀಟರ್, ಉದ್ದ 650 ಮೀಟರ್, ತಳದಲ್ಲಿ ಗೋಡೆಯ ದಪ್ಪ 34 ಮೀಟರ್. ಇದು ತನ್ನ ತೂಕದಿಂದಲೇ ನೀರನ್ನು ತಡೆದು ನಿಲ್ಲುವ ಕಲ್ಲಿನ ಕಟ್ಟೆ. ಮೇಲಿನಿಂದ ಬಾಂಬು ಹಾಕಿದರೆ ಹೆಚ್ಚೆಂದರೆ ಚೂರು ಕಲ್ಲು ಕೀಳಬಹುದು. ನೀರಿಗೆ ಟಾರ್ಪಿಡೊ ಬಿಟ್ಟರೆ, ಗೋಡೆಯ ಮುಂದೆ ಉಕ್ಕಿನ ಬಲೆ ಕಟ್ಟಿದ್ದಾರೆ.

ಸ್ಫೋಟಕವನ್ನು ಗೋಡೆಯಿಂದ ದೂರದಲ್ಲಿ ಸಿಡಿಸಿದರೆ ಎಷ್ಟು ಬೇಕು, ಗೋಡೆಗೆ ತಾಗಿಸಿ ಸಿಡಿಸಿದರೆ ಎಷ್ಟು ಸಾಕು ಅಂತ ಚಿಕ್ಕ ಮಾದರಿ ಅಣೆಕಟ್ಟುಗಳ ಮೇಲೆ ಪರೀಕ್ಷೆ ನಡೆಯಿತು. 1942ರ ಜುಲೈನಲ್ಲಿ ವೇಲ್ಸ್‌ನಲ್ಲಿ ಬಳಕೆ ತಪ್ಪಿದ್ದ ನ್ಯಾಂಟ್-ಇ-ಗ್ರೋ ಎಂಬ ಸಣ್ಣ ಅಣೆಕಟ್ಟನ್ನೇ ಒಡೆದು ನೋಡಿದರು. ತಾಗಿಸಿ ಸಿಡಿಸಿದಾಗ ಬೇಕಾದದ್ದು ತೀರಾ ಕಡಿಮೆ. ಕಾರಣ ಸರಳ. ಗೋಡೆಗೆ ಒತ್ತಿಕೊಂಡು ನೀರಿನಾಳದಲ್ಲಿ ಸಿಡಿದಾಗ, ಹಿಂದಿರುವ ಅಷ್ಟೂ ನೀರು ಸ್ಫೋಟ ಹಿಂದಕ್ಕೆ ಹೋಗದಂತೆ ತಡೆಯುತ್ತದೆ. ಪೆಟ್ಟಿಗೆ ಉಳಿಯುವ ದಾರಿ ಗೋಡೆಯೊಂದೇ. ಒಮ್ಮೆ ಬಿರುಕು ಬಿಟ್ಟರೆ ಉಳಿದ ಕೆಲಸ ಕೆರೆಯ ನೀರೇ ಮಾಡುತ್ತದೆ.

ಸರಿ, ನಾಲ್ಕು ಟನ್ನಿನ ಬಾಂಬನ್ನು ಬಲೆ ದಾಟಿಸಿ ಗೋಡೆಗೆ ಒರಗಿಸುವುದು ಹೇಗೆ? ಅದಕ್ಕೇ ಆ ಗೋಲಿ. ಕೆರೆ ದಂಡೆಯಲ್ಲಿ ಚಪ್ಪಟೆ ಕಲ್ಲು ಎಸೆದು ಆಡಿದ ಯಾರಿಗಾದರೂ ಇದು ಗೊತ್ತು. ವೇಗವಾಗಿ, ನೀರಿಗೆ ಹತ್ತಿರದಿಂದ, ಓರೆಯಾಗಿ ಎಸೆದರೆ ಕಲ್ಲು ಕಪ್ಪೆಯ ಹಾಗೆ ಕುಪ್ಪಳಿಸಿಕೊಂಡು ಹೋಗುತ್ತದೆ. ಕಡಿದಾಗಿ ಎಸೆದರೆ ಗುಳುಂ. ಹಳೆಯ ಕಾಲದ ನೌಕಾಪಡೆಯವರೂ ಫಿರಂಗಿ ಗುಂಡನ್ನು ಹೀಗೆ ನೀರಿನ ಮೇಲೆ ಪುಟಿಸಿ ಹೊಡೆಯುತ್ತಿದ್ದರು.

ಇದರ ಮೇಲೆ ಇನ್ನೊಂದು ಜಾಣತನ ಸೇರಿತು. ಬಾಂಬನ್ನು ಬಿಡುವ ಮೊದಲೇ ವಿಮಾನದಲ್ಲಿ ಹಿಮ್ಮುಖವಾಗಿ ಗಿರಗಿರನೆ ತಿರುಗಿಸುವುದು. ನಿಮಿಷಕ್ಕೆ 500 ಸುತ್ತು! ಕ್ರಿಕೆಟ್ ನೋಡುವವರಿಗೆ ಹಿಮ್ಮುಖ ಸ್ಪಿನ್ ಅಂದರೆ ತಟ್ಟನೆ ಹೊಳೆಯುತ್ತದೆ. ಈ ತಿರುಗುವಿಕೆಯಿಂದ ಬಾಂಬು ಬುಗುರಿಯ ಹಾಗೆ ಹೊರಳದೆ ನೆಟ್ಟಗೆ ನಿಲ್ಲುತ್ತದೆ. ನೀರಿಗೆ ತಾಗಿದಾಗ ಮೂತಿ ಹುದುಗಿಸಿ ಮುಳುಗದೆ ಮೇಲೇಳುತ್ತದೆ. ಆದರೆ ನನಗೆ ಬೆರಗು ಮೂಡಿಸುವುದು ಕೊನೆಯ ಘಟ್ಟ. ಗೋಡೆಗೆ ಬಡಿದ ಬಾಂಬು ಚೆಂಡಿನ ಹಾಗೆ ಹಿಂದಕ್ಕೆ ಚಿಮ್ಮಿ ದೂರ ಹೋಗಿಬಿಟ್ಟರೆ ಮಾಡಿದ್ದೆಲ್ಲ ದಂಡ. ಹಿಮ್ಮುಖವಾಗಿ ತಿರುಗುತ್ತಿರುವುದರಿಂದ ಅದು ಗೋಡೆಯನ್ನು ತಬ್ಬಿಕೊಂಡ ಹಾಗೆ ಉರುಳುತ್ತ ಕೆಳಗಿಳಿಯುತ್ತದೆ. ಸುಮಾರು 9 ಮೀಟರ್ ಆಳಕ್ಕೆ ಹೋದಾಗ ನೀರಿನ ಒತ್ತಡವೇ ಕೀಲು ಒತ್ತಿ ಅದನ್ನು ಸಿಡಿಸುತ್ತದೆ. ಪುಟಿಸಿದ್ದು ನೀರು, ಸಿಡಿಸಿದ್ದು ನೀರು, ಪೆಟ್ಟನ್ನು ಗೋಡೆಯತ್ತ ತಳ್ಳಿದ್ದೂ ನೀರು.

1943ರ ಫೆಬ್ರುವರಿ 26ರಂದು ಅಪ್ಪಣೆ ಸಿಕ್ಕಿತು. ಮೇ ತಿಂಗಳಲ್ಲಿ ಅಣೆಕಟ್ಟು ತುಂಬಿರುತ್ತದೆ, ಅಷ್ಟರೊಳಗೆ ಆಗಬೇಕು. ಕೈಯಲ್ಲಿದ್ದದ್ದು ಹನ್ನೊಂದು ವಾರ, ದೊಡ್ಡ ಬಾಂಬಿನ ನಕ್ಷೆ ಕೂಡ ಪೂರ್ತಿಯಾಗಿರಲಿಲ್ಲ. ಏಪ್ರಿಲ್‌ನಲ್ಲಿ ಕೆಂಟ್ ಕರಾವಳಿಯ ರೆಕಲ್ವರ್‌ನಲ್ಲಿ ಪರೀಕ್ಷೆ. ಉಕ್ಕಿನ ಪೀಪಾಯಿಗೆ ಸುತ್ತ ಮರದ ಹೊದಿಕೆ ಹಾಕಿ ದುಂಡಗೆ ಮಾಡಿದ್ದರು. ನೀರಿಗೆ ಬಡಿದ ಕೂಡಲೇ ಮರ ಪುಡಿಪುಡಿ. ವಾಲಿಸ್ ಚಳಿಯ ಸಮುದ್ರಕ್ಕೇ ಇಳಿದು ಚೂರುಗಳನ್ನು ಹೆಕ್ಕಿದರು. ಆದರೆ ಮರ ಕಳಚಿಕೊಂಡ ಪೀಪಾಯಿ ಪುಟಿದುಕೊಂಡು ಮುಂದೆ ಹೋಗಿದ್ದನ್ನೂ ಕಂಡರು. ಮರದ ಹೊದಿಕೆಯನ್ನೇ ಬಿಟ್ಟರು. ಬಾಂಬು ಹೀಗೆ ದುಂಡಗಿನ ಗೋಲಿಯಿಂದ ರಸ್ತೆ ರೋಲರಿನ ಗಾಲಿಯಂಥ ಪೀಪಾಯಿಯಾಯಿತು. ತೂಕ ಸುಮಾರು 4,200 ಕಿಲೋ. ಅದರಲ್ಲಿ ಟಾರ್ಪೆಕ್ಸ್ ಸ್ಫೋಟಕ ಸುಮಾರು 3,000 ಕಿಲೋ.

ಇನ್ನೊಂದು ತೊಡಕು ಎತ್ತರದ್ದು. ಮೊದಲು ಅಂದುಕೊಂಡ ಎತ್ತರದಿಂದ ಬಿಟ್ಟರೆ ಬಾಂಬು ಉಳಿಯುತ್ತಿರಲಿಲ್ಲ. 60 ಅಡಿಗೆ, ಅಂದರೆ 18 ಮೀಟರಿಗೆ ಇಳಿಯಬಹುದಾ ಅಂತ ವಾಲಿಸ್ ಕೇಳಿದರು. ಬಾಂಬು ಹೊತ್ತೊಯ್ಯಬೇಕಿದ್ದ ಲ್ಯಾಂಕಾಸ್ಟರ್ ವಿಮಾನದ ರೆಕ್ಕೆಯ ಅಗಲವೇ 31 ಮೀಟರ್. ರೆಕ್ಕೆಯಗಲದ ಮುಕ್ಕಾಲೂ ಇಲ್ಲದ ಎತ್ತರದಲ್ಲಿ, ರಾತ್ರಿ ಹೊತ್ತು, ಗಂಟೆಗೆ 370 ಕಿಲೋಮೀಟರ್ ವೇಗದಲ್ಲಿ, ಗುಂಡಿನ ಮಳೆಯ ನಡುವೆ ಹಾರಬೇಕು. ಪೈಲಟ್‌ಗಳು ಒಪ್ಪಿದರು. ಅಷ್ಟು ಕೆಳಗೆ ಎತ್ತರ ಅಳೆಯುವ ಮಾಮೂಲಿ ಮಾಪಕ ಕೆಲಸಕ್ಕೆ ಬಾರದು. ವಿಮಾನದ ಹೊಟ್ಟೆಗೆ ಎರಡು ದೀಪ ಕಟ್ಟಿ ಓರೆಯಾಗಿ ಬೆಳಕು ಬಿಟ್ಟರು. ನೀರಿನ ಮೇಲೆ ಎರಡು ಬೆಳಕಿನ ಬೊಟ್ಟು ಒಂದಕ್ಕೊಂದು ತಾಗಿದರೆ ಎತ್ತರ ಸರಿ 60 ಅಡಿ. ದೂರ ಅಳೆಯಲು ವೈ ಆಕಾರದ ಮರದ ತುಂಡಿಗೆ ಎರಡು ಮೊಳೆ. ಅಣೆಕಟ್ಟಿನ ಎರಡು ಗೋಪುರಗಳು ಆ ಎರಡು ಮೊಳೆಗಳ ನೇರಕ್ಕೆ ಬಂದರೆ ಬಾಂಬು ಬಿಡಬೇಕು. ಇಷ್ಟು ದೊಡ್ಡ ಕೆಲಸ ಕೊನೆಗೆ ಎರಡು ಮೊಳೆಯ ಮೇಲೆ ನಿಂತಿತ್ತು, ನೋಡಿ.

ಮೇ 16ರ ರಾತ್ರಿ ಗೈ ಗಿಬ್ಸನ್ ನಾಯಕತ್ವದ, ಬ್ರಿಟಿಷ್ ವಾಯುಪಡೆಯ 617ನೇ ದಳದ 19 ಲ್ಯಾಂಕಾಸ್ಟರ್‌ಗಳು ಹೊರಟವು. ಮೋನೆ ಒಡೆಯಿತು. 77 ಮೀಟರ್ ಅಗಲ, 22 ಮೀಟರ್ ಆಳದ ಬಾಯಿ ತೆರೆದುಕೊಂಡಿತು. ಎಡರ್ ಅಣೆಕಟ್ಟೂ ಒಡೆಯಿತು. ಮೂರನೆಯದು, ಸೋರ್ಪೆ, ಒಡೆಯಲಿಲ್ಲ. ಅದು ಕಲ್ಲಿನ ಗೋಡೆ ಅಲ್ಲ. ನಡುವೆ ಕಾಂಕ್ರೀಟು, ಎರಡೂ ಕಡೆ ಇಳಿಜಾರಾಗಿ ಸುರಿದ ಮಣ್ಣಿನ ಏರಿ. ಬಾಂಬು ಒರಗಲು ನೆಟ್ಟಗಿನ ಗೋಡೆಯೇ ಇಲ್ಲ. ಮಣ್ಣು ಪೆಟ್ಟನ್ನು ನುಂಗಿಕೊಂಡಿತು.

8 ವಿಮಾನಗಳು ವಾಪಸ್ ಬರಲಿಲ್ಲ. ಹೋದ 133 ಜನರಲ್ಲಿ 53 ಮಂದಿ ಸತ್ತರು. ಬೆಳಿಗ್ಗೆ ಲೆಕ್ಕ ಗೊತ್ತಾದಾಗ ವಾಲಿಸ್ ಕಣ್ಣೀರಾದರು. ಕೆಳಗೆ ಕಣಿವೆಯಲ್ಲಿ ಪ್ರವಾಹಕ್ಕೆ ಸಿಕ್ಕಿ ಸತ್ತವರು ಸುಮಾರು 1,300 ಜನ. ಅವರಲ್ಲಿ ನೂರಾರು ಮಂದಿ ಜರ್ಮನಿಯವರೇ ಅಲ್ಲ, ಸೋವಿಯತ್ ನೆಲದಿಂದ ಬಲವಂತವಾಗಿ ಹಿಡಿದು ತಂದು ದುಡಿಸುತ್ತಿದ್ದ ಹೆಂಗಸರು. ಮೋನೆಯ ಕೆಳಗಿನ ನೇಹೈಮ್ ಊರಿನ ಶಿಬಿರದಲ್ಲಿ ಅವರನ್ನು ಇರಿಸಿದ್ದರು. ಈ ಕಥೆ ಹೇಳುವಾಗ ಬಾಂಬಿನ ಚಮತ್ಕಾರ ಹೇಳಿ ಮುಗಿಸಿಬಿಡುವುದು ಸುಲಭ. ಆ ಹೆಂಗಸರನ್ನು ಬಿಟ್ಟು ಈ ಕಥೆ ಹೇಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜರ್ಮನ್ನರು ಸಾವಿರಾರು ಜನರನ್ನು ಬೇರೆ ಕೆಲಸಗಳಿಂದ ಎತ್ತಿ ಇಲ್ಲಿಗೆ ಹಾಕಿ, ಸೆಪ್ಟೆಂಬರ್ ಹೊತ್ತಿಗೆ ಮೋನೆಯನ್ನು ಮತ್ತೆ ಕಟ್ಟಿದರು. ಜನ ಸಾಯುವಂಥ ಪ್ರವಾಹ ಬರುವುದಾದರೆ ಅಣೆಕಟ್ಟಿನ ಮೇಲೆ ದಾಳಿ ಮಾಡಕೂಡದು ಅನ್ನುವ ನಿಯಮ 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿತು.

ನೆಲ ನಡುಗಿಸುವ ಬಾಂಬು

ಅಣೆಕಟ್ಟಿಗಿಂತ ಮೊದಲೇ ವಾಲಿಸ್ ಮನಸ್ಸಿನಲ್ಲಿದ್ದದ್ದು ಇದು. ಕಟ್ಟಡಕ್ಕೆ ಗುರಿ ಇಡಬೇಡಿ, ಪಕ್ಕದ ನೆಲಕ್ಕೆ ಇಡಿ ಅನ್ನುವುದು ಅವರ ವಾದ. ಬಾಂಬು ಆಳಕ್ಕೆ ಹೊಕ್ಕು ಒಳಗೇ ಸಿಡಿದರೆ ಭೂಕಂಪದ ಹಾಗೆ ನೆಲ ಅಲುಗುತ್ತದೆ, ಕೆಳಗೆ ಟೊಳ್ಳು ಬೀಳುತ್ತದೆ. ಮೇಲಿನ ಕಟ್ಟಡ ಎಷ್ಟೇ ಗಟ್ಟಿ ಇರಲಿ, ಬುಡವೇ ಇಲ್ಲದಿದ್ದರೆ ನಿಲ್ಲುವುದು ಯಾವುದರ ಮೇಲೆ?

ಇದಕ್ಕೆ ಬಾಂಬು ನೆಲಕ್ಕೆ ಬಡಿದ ಕೂಡಲೇ ಒಡೆಯಬಾರದು. ಮೂತಿ ಚೂಪಾದ ಗಟ್ಟಿ ಉಕ್ಕಿನದ್ದಾಗಿರಬೇಕು, ಮೈ ನುಣುಪಾಗಿ ಗಾಳಿ ಸೀಳಬೇಕು. ಬಾಲದ ರೆಕ್ಕೆಗಳನ್ನು ತುಸು ಓರೆಯಾಗಿ ಕೂರಿಸಿದ್ದರಿಂದ ಬೀಳುವಾಗ ಬಾಂಬು ತಿರುಗುತ್ತ ನೆಟ್ಟಗೆ ಇಳಿಯುತ್ತಿತ್ತು. ಐದಾರು ಕಿಲೋಮೀಟರ್ ಮೇಲಿನಿಂದ ಬಿಟ್ಟರೆ ನೆಲ ಮುಟ್ಟುವ ಹೊತ್ತಿಗೆ ಶಬ್ದದ ವೇಗದ ಆಸುಪಾಸಿನಲ್ಲಿರುತ್ತಿತ್ತು. ಮೊದಲು ಬಂದದ್ದು 5.4 ಟನ್ನಿನ ಟಾಲ್‌ಬಾಯ್. 1944ರ ಜೂನ್‌ನಲ್ಲಿ ಫ್ರಾನ್ಸಿನ ಸೋಮೂರ್ ರೈಲು ಸುರಂಗದ ಮೇಲೆ ಮೊದಲ ಬಳಕೆ. ಅದೇ ವರ್ಷದ ನವೆಂಬರ್ 12ರಂದು ನಾರ್ವೆಯ ಟ್ರೋಮ್ಸೊ ಬಳಿ ಜರ್ಮನಿಯ ದೊಡ್ಡ ಯುದ್ಧನೌಕೆ ಟಿರ್ಪಿಟ್ಸ್ ಮಗುಚಿಬಿದ್ದದ್ದು ಇದರಿಂದಲೇ.

ಇದರ ಅಣ್ಣ ಗ್ರ್ಯಾಂಡ್ ಸ್ಲ್ಯಾಮ್, ಹತ್ತು ಟನ್. ಜರ್ಮನಿಯ ಬೀಲೆಫೆಲ್ಡ್ ಬಳಿಯ ಕಮಾನು ಸೇತುವೆಯ ಮೇಲೆ ಅದಕ್ಕೆ ಮೊದಲು ಎಷ್ಟೋ ಸಲ ಬಾಂಬು ಹಾಕಿದ್ದರು. ಸೇತುವೆ ಜಗ್ಗಿರಲಿಲ್ಲ. 1945ರ ಮಾರ್ಚ್ 14ರಂದು ಮೊದಲ ಗ್ರ್ಯಾಂಡ್ ಸ್ಲ್ಯಾಮ್ ಬಿದ್ದಾಗ ಅದು ಸೇತುವೆಗೆ ತಾಗಲೂ ಇಲ್ಲ, ಪಕ್ಕದ ನೆಲಕ್ಕೆ ಹೊಕ್ಕಿತು. ಜೊತೆಗೆ ಟಾಲ್‌ಬಾಯ್‌ಗಳೂ ಬಿದ್ದವು. ಬುಡದ ಮಣ್ಣು ಕದಲಿ ಕಮಾನುಗಳು ಸಾಲಾಗಿ ಕುಸಿದವು. ಗುರಿ ತಪ್ಪಿದರೂ ಕೆಲಸ ಆಗುತ್ತದೆ ಅಂತ ವಾಲಿಸ್ ಹೇಳಿದ್ದರ ಅರ್ಥ ಅವತ್ತು ಎಲ್ಲರಿಗೂ ಕಂಡಿತು.

ಯುದ್ಧದ ನಂತರ

ಯುದ್ಧ ಮುಗಿದಾಗ ಅವರಿಗೆ 57. ಆಮೇಲೆ ಹಿಡಿದದ್ದು ರೆಕ್ಕೆ ಮಡಚುವ ವಿಮಾನ. ನಿಧಾನವಾಗಿ ಇಳಿಯಲು ಅಗಲ ಚಾಚಿದ ರೆಕ್ಕೆ ಬೇಕು, ಶಬ್ದಕ್ಕಿಂತ ವೇಗವಾಗಿ ಹಾರಲು ಹಿಂದಕ್ಕೆ ಮಡಚಿದ ರೆಕ್ಕೆ ಬೇಕು. ಹದ್ದು ಎರಗುವಾಗ ಮಾಡುವುದೂ ಇದನ್ನೇ ಅಲ್ವಾ? ಆದರೆ ರೆಕ್ಕೆ ಹಿಂದೆ ಹೋದಾಗ ಎತ್ತುವ ಬಲವೂ ಹಿಂದೆ ಸರಿಯುತ್ತದೆ, ಮೂಗು ಭಾರವಾಗಿ ಕೆಳಗೆ ವಾಲುತ್ತದೆ. ಈ ತೊಡಕು ಬಿಡಿಸಲು ವೈಲ್ಡ್ ಗೂಸ್, ಸ್ವಾಲೋ ಎಂಬ ಎರಡು ವಿನ್ಯಾಸ ಮಾಡಿದರು. ಪರೀಕ್ಷೆಗೆ ಪೈಲಟ್ ಕೂರಿಸಲಿಲ್ಲ, ನೆಲದಿಂದಲೇ ರೇಡಿಯೊದಲ್ಲಿ ನಡೆಸುವ ಮಾದರಿಗಳನ್ನು ಹಾರಿಸಿದರು. ಆ 53 ಜನರ ಸಾವಿನ ನಂತರ ಇನ್ನೊಬ್ಬ ಪೈಲಟ್‌ನ ಜೀವವನ್ನು ಪಣಕ್ಕಿಡಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ.

1957ರಲ್ಲಿ ಸರ್ಕಾರ ಹಣ ನಿಲ್ಲಿಸಿತು. ಮರುವರ್ಷ ಅಮೆರಿಕದವರ ಜೊತೆ ಮಾತುಕತೆ ನಡೆಯಿತು. ರೆಕ್ಕೆ ತಿರುಗುವ ಕೀಲನ್ನು ಒಡಲಿನಿಂದ ಹೊರಕ್ಕೆ ಸರಿಸಿದರೆ ಮೂಗಿನ ಭಾರದ ತೊಡಕು ಸಾಕಷ್ಟು ಕಡಿಮೆಯಾಗುತ್ತದೆ ಅಂತ ಅಮೆರಿಕದವರು ಕಂಡುಕೊಂಡರು. ಅವರ ಮಡಚುವ ರೆಕ್ಕೆಯ ಯುದ್ಧವಿಮಾನ ಎಫ್-111 ಬಂತು. ವಾಲಿಸ್ ಅವರಿಗೆ ಇದು ನೋವಿನ ವಿಷಯವಾಗಿ ಉಳಿಯಿತು. ಆ ಬಗೆಯ ರೆಕ್ಕೆ ಬೇರೆ ಬೇರೆ ದೇಶಗಳಲ್ಲಿ ಬೆಳೆಯಿತು. ನಮ್ಮ ವಾಯುಪಡೆಯ ಮಿಗ್-27 ಕೂಡ ಮಡಚುವ ರೆಕ್ಕೆಯದ್ದೇ, 2019ರ ಡಿಸೆಂಬರ್‌ವರೆಗೆ ಹಾರಿತು.

ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ 64 ಮೀಟರ್ ತಟ್ಟೆಯ ರೇಡಿಯೊ ದೂರದರ್ಶಕ ಕಟ್ಟಲು ಹೊರಟವರೂ ವಾಲಿಸ್ ಅವರ ಸಲಹೆ ಕೇಳಿದ್ದರು. ಸಾವಿರ ಟನ್ ಮೀರಿದ ಅಂಥ ಹೊರೆಯನ್ನು ನಕ್ಷತ್ರಗಳ ಹಾದಿಗೆ ಹೊಂದುವ ಓರೆ ಅಕ್ಷದ ಮೇಲೆ ನಿಲ್ಲಿಸಿ ತಿರುಗಿಸುವುದು ಬಲು ಕಷ್ಟ. ತಟ್ಟೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಳವಾಗಿ ತಿರುಗುವಂತೆ ಕೂರಿಸಿ, ನಕ್ಷತ್ರದ ಹಾದಿ ಹಿಡಿಯುವ ಕೆಲಸವನ್ನು ನಡುವೆ ಇಟ್ಟ ಒಂದು ಪುಟ್ಟ ಸಾಧನಕ್ಕೆ ಒಪ್ಪಿಸಿದರು. ಅದು ನೋಡಿದ ಕಡೆಗೆ ದೊಡ್ಡ ತಟ್ಟೆ ತಿರುಗುತ್ತದೆ. 1961ರಲ್ಲಿ ಶುರುವಾದ ಆ ದೂರದರ್ಶಕವೇ 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟವರ ಚಿತ್ರಗಳನ್ನು ಭೂಮಿಯಲ್ಲಿ ಹಿಡಿದುಕೊಂಡಿತು.

ಯುದ್ಧಕಾಲದ ಆವಿಷ್ಕಾರಗಳಿಗೆ ಅಂತ 1951ರಲ್ಲಿ ವಾಲಿಸ್ ಅವರಿಗೆ 10,000 ಪೌಂಡ್ ಬಂತು. ಆ ಹಣವನ್ನೆಲ್ಲ ತಾವು ಓದಿದ ಶಾಲೆಗೆ ಕೊಟ್ಟರು. ವಾಯುಪಡೆಯಲ್ಲಿ ಸತ್ತವರ ಮಕ್ಕಳು ಅಲ್ಲಿ ಓದಲಿ ಅಂತ. 1968ರಲ್ಲಿ ಸರ್ ಪದವಿ ಬಂತು. 1971ರಲ್ಲಿ, ಎಂಬತ್ತು ದಾಟಿದ ಮೇಲೆ, ಕೆಲಸದಿಂದ ನಿವೃತ್ತರಾದರು. 1979ರ ಅಕ್ಟೋಬರ್ 30ರಂದು, 92ನೇ ವಯಸ್ಸಿಗೆ ತೀರಿಕೊಂಡರು. ಎಫಿಂಗ್‌ಹ್ಯಾಮ್‌ನ ಚರ್ಚಿನ ಅಂಗಳದಲ್ಲೇ ಅವರ ಸಮಾಧಿ ಇದೆ.

ಅವರು ಹೋಗುವುದಕ್ಕೆ ಮೂರು ವರ್ಷ ಮೊದಲು, 1976ರಲ್ಲಿ, ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ನೀರಿನ ದೈತ್ಯನನ್ನು ಹುಡುಕುತ್ತಿದ್ದ ತಂಡಕ್ಕೆ ತಳದಲ್ಲಿ ಒಂದು ವಿಮಾನ ಸಿಕ್ಕಿತು. 1940ರ ಡಿಸೆಂಬರ್ 31ರಂದು ಎಂಜಿನ್ನು ಕೆಟ್ಟು ನೀರಿಗಿಳಿದಿದ್ದ ವೆಲ್ಲಿಂಗ್ಟನ್ ಅದು. 1985ರಲ್ಲಿ ಮೇಲೆತ್ತಿದರು. ಬಟ್ಟೆ ಎಂದೋ ಕರಗಿಹೋಗಿತ್ತು. ಬಾಲದ ದೀಪಕ್ಕೆ ಬ್ಯಾಟರಿ ಜೋಡಿಸಿದರೆ ಇನ್ನೂ ಉರಿಯಿತು. ಆ ವಿಮಾನ ಈಗ ತಾನು ಹುಟ್ಟಿದ ಬ್ರೂಕ್‌ಲ್ಯಾಂಡ್ಸ್‌ನಲ್ಲೇ, ಅಲ್ಲಿನ ಸಂಗ್ರಹಾಲಯದಲ್ಲಿ ನಿಂತಿದೆ. ಹೊದಿಕೆ ಇಲ್ಲದ್ದರಿಂದ ಎಡಕ್ಕೆ ಸುತ್ತಿದ ಪಟ್ಟಿ, ಬಲಕ್ಕೆ ಸುತ್ತಿದ ಪಟ್ಟಿ, ಅವು ಸೇರುವ ಒಂದೊಂದು ಗಂಟೂ ಹತ್ತಿರದಿಂದ ಕಾಣುತ್ತದೆ.